ತೆರೆಯುವ ಸೇತುವೆ, ತೆರೆಯದ ಸೇತುವೆ: ಹೂಗ್ಲಿ ನದಿಯ ಒಂದು ದೀರ್ಘ ವ್ಯಾಜ್ಯ

ಹಡಗು ಸಂಚರಿಸುವ ನದಿಗೆ ಸೇತುವೆ ಕಟ್ಟುವುದೆಂದರೆ ಎರಡು ಹೆದ್ದಾರಿಗಳನ್ನು ಅಡ್ಡಹಾಯಿಸಿದಂತೆ. ಒಂದು ನೀರಿನ ದಾರಿ, ಇನ್ನೊಂದು ನೆಲದ ದಾರಿ. ಸೇತುವೆಯನ್ನು ಹಡಗಿನ ಕೂವೆಕಂಬಕ್ಕೂ ಮೇಲಾಗಿ ಕಟ್ಟಿದರೆ ಎರಡಕ್ಕೂ ತೊಡಕಿಲ್ಲ. ಆದರೆ ಅಷ್ಟು ಎತ್ತರಕ್ಕೆ ಏರಬೇಕಾದ ರಸ್ತೆಗೆ ಎರಡು ದಡಗಳಲ್ಲಿಯೂ ಬಹುದೂರದವರೆಗೆ ಜಾಗ ಬೇಕು. ಪಟ್ಟಣದ ನಟ್ಟನಡುವೆ ಅಂತಹ ಜಾಗ ದೊರೆಯುವುದು ದುರ್ಲಭ. ದೊರೆತರೂ ಹೇರು ಹೊತ್ತ ಎತ್ತಿನ ಗಾಡಿ ಆ ಏರನ್ನು ಹತ್ತಲಾರದು. ತಗ್ಗಾಗಿ ಕಟ್ಟಿದರೆ ಹಡಗು ಬಂದಾಗಲೆಲ್ಲ ಸೇತುವೆ ಬಾಯಿ ತೆರೆಯಬೇಕು. ಆಗ ನೆಲದವರು ಕಾಯಬೇಕು. ತೆರೆಯದಿದ್ದರೆ ನೀರಿನವರು ಕಾಯಬೇಕು. ಆದುದರಿಂದ ತೆರೆಯುವ ಸೇತುವೆಯ ಇತಿಹಾಸವೆಂಬುದು ಕಬ್ಬಿಣದ ಇತಿಹಾಸಕ್ಕಿಂತ ಹೆಚ್ಚಾಗಿ ಕಾಯುವವರ ಇತಿಹಾಸ: ಯಾರು ಯಾರಿಗಾಗಿ ಎಷ್ಟು ಹೊತ್ತು ಕಾದರು, ಆ ಹೊತ್ತಿನ ಬೆಲೆಯನ್ನು ಯಾರು ತೆತ್ತರು ಎಂಬುದರ ವೃತ್ತಾಂತ.

ಇದಕ್ಕೆ ಕಲ್ಕತ್ತೆಯ ಹೂಗ್ಲಿ ನದಿಗಿಂತ ಉತ್ತಮವಾದ ದೃಷ್ಟಾಂತ ಭಾರತದಲ್ಲಿ ಇನ್ನೊಂದಿಲ್ಲ. ಅಲ್ಲಿ 1874ರಲ್ಲಿ ತೆರೆದ ತೇಲುಸೇತುವೆ 69 ವರ್ಷ ಬಾಳಿತು. ಅದಕ್ಕೆ ಬದಲು ಇನ್ನೊಂದು ಬೇಕೆಂಬ ವಿಚಾರಣೆ 1906ರಲ್ಲಿಯೇ ಆರಂಭವಾಯಿತು. ಬದಲಿ ಸೇತುವೆಯ ಮೇಲೆ ಮೊದಲ ವಾಹನ ಓಡಿದ್ದು 1943ರಲ್ಲಿ. ನಡುವೆ ಕಳೆದದ್ದು 37 ವರ್ಷ. ಒಂದು ತಲೆಮಾರಿಗಿಂತ ದೀರ್ಘವಾದ ಈ ವಿಳಂಬಕ್ಕೆ ಕಾರಣವೇನು? ಯುದ್ಧ, ಹಣದ ಅಭಾವ, ಆಡಳಿತದ ಆಲಸ್ಯ ಎಂದು ಹೇಳುವುದು ಸುಲಭ. ಅವೆಲ್ಲವೂ ಇದ್ದವು. ಆದರೆ ಅವುಗಳ ಹಿಂದೆ ಇನ್ನೊಂದು ಪ್ರಶ್ನೆಯಿತ್ತು. ಪಟ್ಟಣವು ಹಡಗಿನದೋ ಗಾಡಿಯದೋ ಎಂಬ ಆ ಪ್ರಶ್ನೆ ಇತ್ಯರ್ಥವಾಗದೆ ಸೇತುವೆಯ ರೂಪವೂ ಇತ್ಯರ್ಥವಾಗುವಂತಿರಲಿಲ್ಲ.

ನದಿಯೂ ರೈಲೂ

ಕಡಲಿನಿಂದ ಸುಮಾರು 200 ಕಿಲೋಮೀಟರ್ ಒಳಗಿರುವ ಕಲ್ಕತ್ತೆ ಬಂದರಾದುದು ಹೂಗ್ಲಿಯ ಕೃಪೆಯಿಂದ. ಗಂಗೆಯ ಈ ಕವಲಿನಲ್ಲಿ ಸಮುದ್ರದ ಉಬ್ಬರವಿಳಿತ ಪಟ್ಟಣವನ್ನು ದಾಟಿ ಮೇಲಕ್ಕೂ ಹೋಗುತ್ತದೆ. ಕೆಲವೊಮ್ಮೆ ಉಬ್ಬರದ ನೀರು ಗೋಡೆಯಂತೆ ಎದ್ದು ನುಗ್ಗಿ ಬರುವುದೂ ಉಂಟು. ಬಂಗಾಳಿಗಳು ಇದನ್ನು ‘ಬಾನ್’ ಎನ್ನುತ್ತಾರೆ. ತಳದಲ್ಲಿ ಆಳವಾದ ಕೆಸರು, ಮೇಲೆ ಚಂಚಲವಾದ ನೀರು, ಸದಾ ಸ್ಥಳ ಬದಲಿಸುವ ಮರಳುದಿಬ್ಬಗಳು: ಇಂತಹ ನದಿಯನ್ನು ನಂಬಿಕೊಂಡು ಬಂದರು ನಡೆಸುವುದೇ ಒಂದು ಸಾಹಸವಾಗಿತ್ತು.

ಪಟ್ಟಣ ಬೆಳೆದದ್ದು ಪೂರ್ವದ ದಡದಲ್ಲಿ. ಆದರೆ ಈಸ್ಟ್ ಇಂಡಿಯನ್ ರೈಲ್ವೆ ಕಂಪನಿ ತನ್ನ ಕೊನೆಯ ನಿಲ್ದಾಣವನ್ನು ಪಶ್ಚಿಮದ ದಡದ ಹೌರಾದಲ್ಲಿ ಇರಿಸಿತು. 1854ರ ಆಗಸ್ಟ್ 15ರಂದು ಅಲ್ಲಿಂದ ಮೊದಲ ರೈಲು ಹೊರಟಿತು. ಉತ್ತರ ಹಿಂದೂಸ್ಥಾನದಿಂದ ಬರುವ ಧಾನ್ಯ, ಕಲ್ಲಿದ್ದಲು, ಜನ ಎಲ್ಲವೂ ಹೌರಾದಲ್ಲಿ ಇಳಿದು, ಕಣ್ಣೆದುರಿಗೇ ಕಾಣುವ ಪಟ್ಟಣವನ್ನು ಸೇರಲು ದೋಣಿಗಾಗಿ ನಿಲ್ಲಬೇಕಾಯಿತು. ನೂರಾರು ಮೈಲಿಯನ್ನು ಗಂಟೆಗಳಲ್ಲಿ ಕ್ರಮಿಸಿದ ಸರಕು ಕೊನೆಯ ಅರ್ಧ ಮೈಲಿಗೆ ಪುರಾತನ ಕಾಲದ ವೇಗಕ್ಕೆ ಇಳಿಯುತ್ತಿತ್ತು.

ರೈಲು ಬಂದ ಮರುವರ್ಷವೇ, ಅಂದರೆ 1855-56ರಲ್ಲಿ, ಸೇತುವೆಯ ಸಾಧ್ಯತೆಯನ್ನು ಪರಿಶೀಲಿಸಲು ಸಮಿತಿಯೊಂದು ನೇಮಕವಾದುದು ಆಕಸ್ಮಿಕವಲ್ಲ. 1859-60ರ ಹೊತ್ತಿಗೆ ಆ ಯೋಜನೆಯನ್ನು ಬದಿಗಿಡಲಾಯಿತು. 1862ರಲ್ಲಿ ಬಂಗಾಳ ಸರ್ಕಾರವು ರೈಲ್ವೆ ಕಂಪನಿಯ ಮುಖ್ಯ ಎಂಜಿನಿಯರರಾದ ಜಾರ್ಜ್ ಟರ್ನ್‌ಬುಲ್ ಅವರ ಅಭಿಪ್ರಾಯವನ್ನು ಕೇಳಿತು. ಅವರ ಉತ್ತರ ಸ್ಪಷ್ಟವಾಗಿತ್ತು. ಕಲ್ಕತ್ತೆಯಲ್ಲಿ ಕೆಸರು ಆಳ, ತಳಪಾಯಕ್ಕೆ ವಿಪರೀತ ವೆಚ್ಚ, ಹಡಗುಗಳಿಗೆ ಬಹಳ ಅಡ್ಡಿ. ಆದುದರಿಂದ ಪಟ್ಟಣದ ಉತ್ತರಕ್ಕೆ ಹನ್ನೆರಡು ಮೈಲಿಯಷ್ಟು ದೂರದ ಪಲ್ಟಾ ಘಾಟಿನಲ್ಲಿ, ಗಟ್ಟಿಜೇಡಿ ಹೆಚ್ಚು ಆಳವಿಲ್ಲದೆ ದೊರೆಯುವೆಡೆಯಲ್ಲಿ, ಸೇತುವೆ ಕಟ್ಟುವುದು ಉಚಿತ. ಎಂಜಿನಿಯರಿನ ದೃಷ್ಟಿಯಿಂದ ಇದು ಸಮರ್ಪಕವಾದ ಸಲಹೆ. ಆದರೆ ದಾಟುವವನು ಇರುವೆಡೆಯಲ್ಲಿ ಸೇತುವೆ ಬೇಕೇ ಹೊರತು, ನೆಲ ಗಟ್ಟಿಯಿರುವೆಡೆಯಲ್ಲಿ ಅಲ್ಲ. ಪಲ್ಟಾದ ಸೇತುವೆ ಕಾಗದದಲ್ಲಿಯೇ ಉಳಿಯಿತು.

ತೇಲುಸೇತುವೆಯ ಸಂಧಾನ

ಯೋಜನೆ ಪುನರುಜ್ಜೀವನಗೊಂಡದ್ದು 1868ರಲ್ಲಿ. 1870ರಲ್ಲಿ ಕಲ್ಕತ್ತೆಯ ಬಂದರಿಗೆ ಕಮಿಷನರುಗಳ ಮಂಡಲಿ ಏರ್ಪಟ್ಟಿತು. 1871ರಲ್ಲಿ ಹೌರಾ ಸೇತುವೆಯ ಕಾಯಿದೆ ಜಾರಿಗೆ ಬಂದಿತು. ಸರ್ಕಾರದ ಬಂಡವಾಳದಿಂದ ಸೇತುವೆಯನ್ನು ಕಟ್ಟಿಸುವ ಅಧಿಕಾರ ಲೆಫ್ಟಿನೆಂಟ್ ಗವರ್ನರಿಗೂ, ಅದರ ಮೇಲ್ವಿಚಾರಣೆ ಬಂದರಿನ ಕಮಿಷನರುಗಳಿಗೂ ದೊರೆಯಿತು. ಈ ಏರ್ಪಾಡನ್ನು ಗಮನಿಸಬೇಕು. ರಸ್ತೆಯ ಸೇತುವೆ ಬಂದರಿನ ಕೈಗೆ ಹೋಯಿತು. ಗಾಡಿಯ ದಾರಿಗೆ ಹಡಗಿನ ಯಜಮಾನನೇ ಕಾವಲುಗಾರನಾದನು. ಮುಂದಿನ ಎಪ್ಪತ್ತು ವರ್ಷಗಳ ಕಥೆಯ ಬೀಜ ಇಲ್ಲಿದೆ.

ಅದೇ ವರ್ಷ ಬ್ರಾಡ್‌ಫರ್ಡ್ ಲೆಸ್ಲಿ ಅವರೊಡನೆ ಕರಾರಾಯಿತು. ಲೆಸ್ಲಿ ಅವರ ಪರಿಹಾರ ಸರಳವಾದುದು, ಜಾಣತನದ್ದು. ಕೆಸರಿನಲ್ಲಿ ಕಂಬ ನಿಲ್ಲದಿದ್ದರೆ ಕಂಬವೇ ಬೇಡ. ಸೇತುವೆ ನೀರಿನ ಮೇಲೆ ತೇಲಲಿ. ದೋಣಿಗಳನ್ನು ಸಾಲಾಗಿ ಕಟ್ಟಿ ಅವುಗಳ ಮೇಲೆ ಹಲಗೆ ಹಾಸುವ ಉಪಾಯ ಸೈನ್ಯಗಳಿಗೆ ಪ್ರಾಚೀನ ಕಾಲದಿಂದಲೂ ಗೊತ್ತಿದ್ದುದು. ಲೆಸ್ಲಿ ಅದನ್ನು ಕಬ್ಬಿಣದಲ್ಲಿ, ಒಂದು ಮಹಾನಗರದ ನಿತ್ಯದ ಬಳಕೆಗೆ ತಕ್ಕಂತೆ ರೂಪಿಸಿದರು. ಬಿಡಿಭಾಗಗಳು ಇಂಗ್ಲೆಂಡಿನಲ್ಲಿ ತಯಾರಾಗಿ ಹಡಗಿನಲ್ಲಿ ಬಂದವು. ಜೋಡಣೆ ಕಲ್ಕತ್ತೆಯಲ್ಲಿ ನಡೆಯಿತು. ಒಟ್ಟು ಉದ್ದ 1,528 ಅಡಿ, ಅಗಲ 62 ಅಡಿ. ನಡುವೆ 48 ಅಡಿಯ ಗಾಡಿದಾರಿ, ಎರಡು ಪಕ್ಕಗಳಲ್ಲಿಯೂ ಏಳು ಏಳು ಅಡಿಯ ಕಾಲುದಾರಿ. ಹಡಗು ಬಂದಾಗ ಮಧ್ಯದ ಎರಡು ಖಂಡಗಳನ್ನು ಬಿಚ್ಚಿ ಪಕ್ಕಕ್ಕೆ ಸರಿಸಿದರೆ 200 ಅಡಿ ಅಗಲದ ಜಲದ್ವಾರ ತೆರೆಯುತ್ತಿತ್ತು.

ಸೇತುವೆ ಮುಗಿಯುವ ಮೊದಲೇ ಹಡಗಿನೊಡನೆ ಅದರ ಮೊದಲ ಘರ್ಷಣೆ ಅಕ್ಷರಶಃ ನಡೆದುಹೋಯಿತು. 1874ರ ಮಾರ್ಚ್ 20ರಂದು ಬೀಸಿದ ಚಂಡಮಾರುತದಲ್ಲಿ ‘ಇಜೀರಿಯ’ ಎಂಬ ಉಗಿಹಡಗು ಲಂಗರಿನಿಂದ ಕಳಚಿಕೊಂಡು ಬಂದು ಸೇತುವೆಗೆ ನೇರವಾಗಿ ಬಡಿಯಿತು. ಮೂರು ತೇಲುದೋಣಿಗಳು ಮುಳುಗಿದವು. ಸೇತುವೆಯ ಸುಮಾರು 200 ಅಡಿ ಜಖಂಗೊಂಡಿತು. ದುರಸ್ತಿಯಾಗಿ, ಒಟ್ಟು 22 ಲಕ್ಷ ರೂಪಾಯಿ ವೆಚ್ಚದಲ್ಲಿ ಪೂರ್ಣಗೊಂಡ ಸೇತುವೆಯನ್ನು ಅದೇ ವರ್ಷದ ಅಕ್ಟೋಬರ್ 17ರಂದು ಸಂಚಾರಕ್ಕೆ ತೆರೆಯಲಾಯಿತು. 1879ರ ಆಗಸ್ಟ್ 19ರಿಂದ ಅದರ ಮೇಲೆ ವಿದ್ಯುದ್ದೀಪಗಳು ಉರಿದವು; ಮಲ್ಲಿಕ್ ಘಾಟಿನ ಪಂಪುಮನೆಯ ಡೈನಮೋ ಅವುಗಳಿಗೆ ವಿದ್ಯುತ್ತನ್ನು ಒದಗಿಸುತ್ತಿತ್ತು.

ತೇಲುಸೇತುವೆ ನಿಜವಾಗಿಯೂ ಒಂದು ಸಂಧಾನವೇ ಆಗಿತ್ತು. ನದಿಯ ತಳವನ್ನು ಅದು ಕದಡಲಿಲ್ಲ; ಹಡಗಿಗೆ ದಾರಿ ಕೊಟ್ಟಿತು; ಗಾಡಿಗೂ ದಾರಿ ಕೊಟ್ಟಿತು. ಆದರೆ ಎಲ್ಲ ಸಂಧಾನಗಳಂತೆ ಇದಕ್ಕೂ ಒಂದು ಷರತ್ತಿತ್ತು: ಎರಡು ಪಕ್ಷಗಳೂ ಬೆಳೆಯದೆ ಇದ್ದಷ್ಟು ಕಾಲ ಮಾತ್ರ ಅದು ನಡೆಯಬಲ್ಲದು.

ಬೆಳೆದ ಎರಡು ಪಕ್ಷಗಳು

ಎರಡೂ ಬೆಳೆದವು. ನದಿಯ ಎರಡು ದಡಗಳಲ್ಲಿಯೂ ಸೆಣಬಿನ ಗಿರಣಿಗಳ ಸಾಲು ಎದ್ದಿತು. ಸೇತುವೆಯಿಂದ ಮೇಲಕ್ಕೆ ಹೋಗಬೇಕಾದ ನಾಡದೋಣಿ, ಸರಕುದೋಣಿ, ಉಗಿದೋಣಿಗಳ ಸಂಖ್ಯೆ ಹೆಚ್ಚಿತು. ಇತ್ತ ಹೌರಾ ನಿಲ್ದಾಣ ಸಾಲದೆ 1905ರಲ್ಲಿ ಈಗಿರುವ ಭವ್ಯವಾದ ಕಟ್ಟಡ ತೆರೆಯಿತು. ರೈಲು ತಂದು ಸುರಿಯುವ ಜನವೆಲ್ಲ ಆ ಒಂದೇ ಸೇತುವೆಯ ಬಾಯಿಗೆ ಬರುತ್ತಿತ್ತು.

ತೇಲುಸೇತುವೆಯ ಸ್ವಭಾವವೇ ಈಗ ಅದರ ದೋಷವಾಯಿತು. ನೀರು ಏರಿದರೆ ಸೇತುವೆ ಏರುತ್ತದೆ, ಇಳಿದರೆ ಇಳಿಯುತ್ತದೆ. ದಡ ಮಾತ್ರ ಇದ್ದಲ್ಲಿಯೇ ಇರುತ್ತದೆ. ಆದುದರಿಂದ ದಡವನ್ನು ಸೇತುವೆಗೆ ಕೂಡಿಸುವ ಕೊಂಡಿಭಾಗ ಉಬ್ಬರವಿಳಿತಕ್ಕೆ ಅನುಸಾರವಾಗಿ ಓರೆಯಾಗುತ್ತಿತ್ತು. ಅದೇ ಭಾಗದಲ್ಲಿ ಗಾಡಿದಾರಿ 43 ಅಡಿಗೆ ಕಿರಿದಾಗಿ, ಇಪ್ಪತ್ತೊಂದೂವರೆ ಅಡಿಯ ಎರಡು ದಾರಿಗಳಾಗಿ ಒಡೆಯುತ್ತಿತ್ತು. ಏರು ಎಲ್ಲಿ ಕಡಿದೋ ದಾರಿಯೂ ಅಲ್ಲಿಯೇ ಇಕ್ಕಟ್ಟು. ಒಂದು ಜೊತೆ ಎತ್ತು ಅಲ್ಲಿ ಮುಗ್ಗರಿಸಿದರೆ ಅದರ ಹಿಂದಿರುವ ಸಾಲೆಲ್ಲ ನಿಲ್ಲುವುದು ಅನಿವಾರ್ಯ.

1906ರವರೆಗೆ ಸೇತುವೆಯನ್ನು ಹಗಲಿನಲ್ಲಿ ಮಾತ್ರ ತೆರೆಯುತ್ತಿದ್ದರು. ಪಟ್ಟಣ ಕೆಲಸಕ್ಕೆ ಓಡಾಡುವ ಹೊತ್ತಿನಲ್ಲಿಯೇ ದಾರಿ ಕಡಿದುಹೋಗುತ್ತಿತ್ತೆಂದು ಇದರ ಅರ್ಥ. ಆ ವರ್ಷದ ಜೂನ್ ತಿಂಗಳಿನಿಂದ ಕಡಲಹಡಗುಗಳನ್ನು ಬಿಟ್ಟು ಉಳಿದೆಲ್ಲ ನೌಕೆಗಳಿಗೆ ರಾತ್ರಿಯ ವೇಳೆ ತೆರೆಯುವ ನಿಯಮವಾಯಿತು. ಚಿಕ್ಕ ನೌಕೆಗಳು ರಾತ್ರಿಗೆ ಸರಿದವು. ದೊಡ್ಡ ಹಡಗುಗಳು ಹಗಲನ್ನು ಬಿಟ್ಟುಕೊಡಲಿಲ್ಲ. ಹಿಡಿ ಜಾಗಕ್ಕಾಗಿ ನಡೆಯುವ ಎಲ್ಲ ವ್ಯಾಜ್ಯಗಳಲ್ಲಿಯೂ ಮೊದಲು ಸರಿಯುವವನು ಚಿಕ್ಕವನೇ.

ಎಣಿಕೆಯೂ ಲೆಕ್ಕವೂ

ಇದೇ ಹೊತ್ತಿಗೆ ಬಂದರಿನ ಕಮಿಷನರುಗಳು ಹೊಸ ಸೇತುವೆಯ ವಿಚಾರಣೆಗೆ ಸಮಿತಿಯನ್ನು ನೇಮಿಸಿದರು. ರೈಲ್ವೆಯ ಮುಖ್ಯ ಎಂಜಿನಿಯರ್ ಆರ್. ಎಸ್. ಹೈಯೆಟ್, ಕಲ್ಕತ್ತೆ ಕಾರ್ಪೊರೇಷನ್ನಿನ ಮುಖ್ಯ ಎಂಜಿನಿಯರ್ ಡಬ್ಲ್ಯು. ಬಿ. ಮೆಕೇಬ್ ಅದರ ಪ್ರಮುಖರು. ಹಳೆಯ ಸೇತುವೆಯ ಮೇಲೆ ಹದಿನಾರು ದಿನ ವಾಹನಗಳ ಗಣತಿ ನಡೆಯಿತು. ಅತ್ಯಧಿಕ ಸಂಚಾರ ಕಂಡುಬಂದದ್ದು 1906ರ ಆಗಸ್ಟ್ 27ರಂದು. ಆ ದಿನ ಸೇತುವೆಯನ್ನು ದಾಟಿದ ವಾಹನಗಳಲ್ಲಿ ಹದಿಮೂರರಲ್ಲಿ ಎಂಟು ಪಾಲು ಎತ್ತಿನ ಗಾಡಿಗಳು.

ಈ ಒಂದು ಸಂಖ್ಯೆ ಅನೇಕ ಪುಟಗಳ ವರ್ಣನೆಗಿಂತ ಹೆಚ್ಚನ್ನು ಹೇಳುತ್ತದೆ. ಬ್ರಿಟಿಷ್ ಸಾಮ್ರಾಜ್ಯದ ಭಾರತೀಯ ರಾಜಧಾನಿ, ರೈಲು ಬಂದು ಅರ್ಧ ಶತಮಾನ ಕಳೆದಿದ್ದ ನಗರ, ಉಣ್ಣುತ್ತಿದ್ದುದು ಮಾರುತ್ತಿದ್ದುದು ಎಲ್ಲವೂ ಕೊನೆಗೆ ಎತ್ತಿನ ಹೆಗಲ ಮೇಲೆಯೇ ಬರುತ್ತಿತ್ತು. ಸಮಿತಿಯಲ್ಲಿ ರೈಲ್ವೆಗೆ ಸ್ಥಾನವಿತ್ತು, ಕಾರ್ಪೊರೇಷನ್ನಿಗೆ ಸ್ಥಾನವಿತ್ತು. ಸಮಿತಿಯನ್ನು ನೇಮಿಸಿದ್ದು ಬಂದರು. ಗಾಡಿಯವನಿಗೆ ದೊರೆತದ್ದು ಎಣಿಕೆಯಲ್ಲಿ ಒಂದು ಗೀಟು ಮಾತ್ರ. ಆದರೂ ಆ ಗೀಟೇ ಮುಂದಿನ ಸೇತುವೆಯ ಅಗಲವನ್ನು ನಿರ್ಧರಿಸುವ ಆಧಾರವಾಯಿತೆಂಬುದನ್ನು ಮರೆಯಲಾಗದು.

ಸಮಿತಿಯ ಮುಂದೆ ಆರು ಮಾರ್ಗಗಳಿದ್ದವು: ಗಾಡಿಗಳನ್ನು ಹೊತ್ತು ದಾಟಿಸುವ ದೊಡ್ಡ ಉಗಿದೋಣಿಗಳು, ತೊಟ್ಟಿಲಿನಂತೆ ತೂಗುಬಿಟ್ಟ ವೇದಿಕೆಯಲ್ಲಿ ವಾಹನಗಳನ್ನು ಸಾಗಿಸುವ ವಾಹಕಸೇತುವೆ, ನದಿಯ ಕೆಳಗೆ ಸುರಂಗ, ಕಂಬಗಳ ಮೇಲಿನ ಸೇತುವೆ, ಕಮಾನು ಸೇತುವೆ, ಮತ್ತೊಂದು ತೇಲುಸೇತುವೆ. ಸಮಿತಿಯ ಅಂದಾಜಿನಂತೆ ಉಗಿದೋಣಿಗಳಿಗೆ ಬಂಡವಾಳ 9 ಲಕ್ಷ ರೂಪಾಯಿ, ವಾರ್ಷಿಕ ಖರ್ಚು 4,37,000 ರೂಪಾಯಿ. ತೇಲುಸೇತುವೆಗೆ ಬಂಡವಾಳ 21,40,000 ರೂಪಾಯಿ, ವಾರ್ಷಿಕ ನಿರ್ವಹಣೆ 2 ಲಕ್ಷ ರೂಪಾಯಿ. ಸರಳವಾದ ಗಣಿತದಿಂದ ನೋಡಿದರೆ ತೇಲುಸೇತುವೆಗೆ ಹೆಚ್ಚಾಗಿ ತೊಡಗಿಸಬೇಕಾದದ್ದು 12,40,000 ರೂಪಾಯಿ. ವರ್ಷವರ್ಷವೂ ಉಳಿಯುವುದು 2,37,000. ಬಡ್ಡಿಯನ್ನು ಬಿಟ್ಟು ಲೆಕ್ಕ ಹಾಕಿದರೆ ಐದೂಕಾಲು ವರ್ಷಗಳೊಳಗೆ ಹೆಚ್ಚಿನ ಬಂಡವಾಳ ಹಿಂದಕ್ಕೆ ಬರುತ್ತದೆ. ಆಳವಾದ ಕೆಸರಿನಲ್ಲಿ ತಳಪಾಯ ಇಳಿಸಬೇಕಾದ ಯಾವ ಸ್ಥಿರಸೇತುವೆಯಾದರೂ ತೇಲುಸೇತುವೆಗಿಂತ ದುಬಾರಿಯೇ. ಸಮಿತಿ ತೇಲುಸೇತುವೆಯನ್ನೇ ಆರಿಸಿತು; ಇಪ್ಪತ್ತಮೂರು ಸಂಸ್ಥೆಗಳಿಂದ ಟೆಂಡರು ಕರೆದು 45,000 ರೂಪಾಯಿಗಳ ಬಹುಮಾನವನ್ನು ಸಾರಲಾಯಿತು.

ಜಮಾಖರ್ಚಿನ ಪ್ರಕಾರ ಈ ತೀರ್ಮಾನದಲ್ಲಿ ತಪ್ಪಿಲ್ಲ. ಆದರೆ ಜಮಾಖರ್ಚಿನಲ್ಲಿ ಸೇರುವುದು ಸಂಸ್ಥೆಯು ತೆರುವ ಖರ್ಚು ಮಾತ್ರ. ಸೇತುವೆ ತೆರೆದಿರುವಾಗ ದಡದಲ್ಲಿ ನಿಂತ ಸಾವಿರಾರು ಮಂದಿಯ ಹೊತ್ತು, ಎತ್ತಿಗೆ ಹಾಕಿದ ಹೆಚ್ಚಿನ ಮೇವು, ತಪ್ಪಿಹೋದ ರೈಲು, ಕೈತಪ್ಪಿದ ದಿನಗೂಲಿ ಇವು ಯಾವ ಕಲಮಿನಲ್ಲಿಯೂ ಬರುವುದಿಲ್ಲ. ಆ ಖರ್ಚನ್ನು ತೆರುವವರು ಬೇರೆ, ಲೆಕ್ಕ ಬರೆಯುವವರು ಬೇರೆ. ಹಳೆಯ ವ್ಯವಸ್ಥೆಯನ್ನು ಅಗ್ಗವೆಂದು ತೋರಿಸುವ ಲೆಕ್ಕಗಳಲ್ಲಿ ಬಹುಪಾಲು ಹೀಗೆ ಪರರ ಮೇಲೆ ಹೊರಿಸಿದ ಭಾರದಿಂದ ಅಗ್ಗವಾದವು. ಇನ್ನೊಂದು ತೇಲುಸೇತುವೆ ಕಟ್ಟಿದ್ದರೆ 1874ರ ವ್ಯಾಜ್ಯವೇ ಹೊಸ ಕಬ್ಬಿಣದ ಮೇಲೆ ಮುಂದುವರಿಯುತ್ತಿತ್ತು.

ವಿಳಂಬದ ಉಪಕಾರ

ಮೊದಲ ಮಹಾಯುದ್ಧ ಈ ಯೋಜನೆಯನ್ನು ತಡೆಯಿತು. ಹಳೆಯ ಸೇತುವೆಗೆ 1917ರಲ್ಲಿ ಒಮ್ಮೆ, 1927ರಲ್ಲಿ ಇನ್ನೊಮ್ಮೆ ಭಾಗಶಃ ನವೀಕರಣವಾಯಿತು. ಆದರೆ ಈ ನಡುವೆ ಬಂದರು ತನಗೆ ಅರಿವಿಲ್ಲದೆಯೇ ವ್ಯಾಜ್ಯವನ್ನು ಬಗೆಹರಿಸುತ್ತಿತ್ತು. 1892ರಲ್ಲಿ ಖಿದಿರ್‌ಪುರದ ಹಡಗುಕಟ್ಟೆ ತೆರೆದಿತ್ತು. 1929ರ ಹೊತ್ತಿಗೆ ಅದಕ್ಕಿಂತಲೂ ಕೆಳಗೆ ಕಿಂಗ್ ಜಾರ್ಜ್ ಹಡಗುಕಟ್ಟೆ ಸಿದ್ಧವಾಯಿತು. ಎರಡೂ ಸೇತುವೆಯ ದಕ್ಷಿಣಕ್ಕೆ, ಅಂದರೆ ಕಡಲಿನ ಕಡೆಗೆ ಇವೆ. ದೊಡ್ಡ ಹಡಗುಗಳ ವ್ಯವಹಾರ ಅಲ್ಲಿಗೆ ಸರಿದಂತೆ, ಕಡಲಹಡಗು ಹೌರಾ ಸೇತುವೆಯನ್ನು ದಾಟಿ ಮೇಲಕ್ಕೆ ಹೋಗಲೇಬೇಕಾದ ಅಗತ್ಯ ಕ್ಷೀಣಿಸಿತು. ಮೇಲುಗಡೆ 1887ರಲ್ಲಿ ಹೂಗ್ಲಿಯ ಬಳಿ ಲೆಸ್ಲಿ ಅವರೇ ರೂಪಿಸಿದ ಜ್ಯೂಬಿಲಿ ರೈಲ್ವೆ ಸೇತುವೆ, 1931ರಲ್ಲಿ ಬಾಲಿಯಲ್ಲಿ ವಿಲಿಂಗ್ಡನ್ ಸೇತುವೆ ಸ್ಥಿರಸೇತುವೆಗಳಾಗಿಯೇ ನಿಂತವು. ನೀರಿನ ಹೆದ್ದಾರಿ ಮೇಲಿನಿಂದ ಕ್ರಮೇಣ ಮುಚ್ಚಿಕೊಂಡು ಬರುತ್ತಿತ್ತು.

1921ರಲ್ಲಿ ಸರ್ ರಾಜೇಂದ್ರನಾಥ ಮುಖರ್ಜಿಯವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ಬಂದಾಗ ಪ್ರಶ್ನೆಯ ಸ್ವರೂಪವೇ ಬದಲಾಗಿತ್ತು. ಮಾರ್ಟಿನ್ ಕಂಪನಿಯ ಪಾಲುದಾರರಾಗಿ ವಿಕ್ಟೋರಿಯಾ ಸ್ಮಾರಕವನ್ನು ಕಟ್ಟಿಸಿದ ರಾಜೇಂದ್ರನಾಥರು ಆ ಕಾಲದ ಭಾರತೀಯ ಎಂಜಿನಿಯರು-ಉದ್ಯಮಿಗಳಲ್ಲಿ ಅಗ್ರಗಣ್ಯರು. ಬಂದರಿನ ಅಧ್ಯಕ್ಷ ಸರ್ ಕ್ಲೆಮೆಂಟ್ ಹಿಂಡ್ಲಿ, ಮುಖ್ಯ ಎಂಜಿನಿಯರ್ ಮೆಗ್ಲಾಷನ್ ಅವರ ಸಹಸದಸ್ಯರು. ಸಮಿತಿಯು ಸರ್ ಬೇಸಿಲ್ ಮಾಟ್ ಅವರ ಅಭಿಪ್ರಾಯ ಕೇಳಲಾಗಿ ಅವರು ಒಂದೇ ನೆಗೆತದ ಕಮಾನು ಸೇತುವೆಯನ್ನು ಸೂಚಿಸಿದರು. 1926ರಲ್ಲಿ ಹೊಸ ಹೌರಾ ಸೇತುವೆಯ ಕಾಯಿದೆ ಬಂದಿತು. ಕಂಬಗಳ ಸೇತುವೆ ಆಗಬಹುದೇ ಎಂದು ಪರಿಶೀಲಿಸಲು 1930ರಲ್ಲಿ ಎಸ್. ಡಬ್ಲ್ಯು. ಗೂಡ್ ಅವರ ನೇತೃತ್ವದಲ್ಲಿ ಮತ್ತೊಂದು ಸಮಿತಿ ನೇಮಕವಾಯಿತು. ನದಿಯಲ್ಲಿ ಕಂಬ ನಿಲ್ಲಿಸಿದರೆ ಪ್ರವಾಹದ ಗತಿ ಕೆಟ್ಟು, ಹೂಳು ತುಂಬಿ, ಬಂದರಿಗೇ ಅಪಾಯ ಒದಗಬಹುದೆಂಬ ಭಯ ಆರಂಭದಿಂದಲೂ ಇತ್ತು. ಅಂತಿಮವಾಗಿ ರೆಂಡೆಲ್, ಪಾಮರ್ ಮತ್ತು ಟ್ರಿಟನ್ ಸಂಸ್ಥೆಯ ವಿನ್ಯಾಸದಂತೆ, ನೀರಿನಲ್ಲಿ ಒಂದು ಕಂಬವೂ ಇಲ್ಲದ, ಎರಡು ದಡಗಳಿಂದ ಚಾಚಿದ ಬಾಹುಗಳು ನಡುವಣ ತೂಗುಭಾಗವನ್ನು ಹೊತ್ತಿರುವ ಸ್ಥಿರಸೇತುವೆ ನಿಶ್ಚಯವಾಯಿತು.

ಬಂದರು ನದಿಯ ತಳವನ್ನು ಉಳಿಸಿಕೊಂಡಿತು. ಪ್ರತಿಯಾಗಿ ನದಿಯ ಮೇಲ್ಭಾಗದ ಕಡಲಹಡಗಿನ ದಾರಿಯನ್ನು ಬಿಟ್ಟುಕೊಟ್ಟಿತು. ಮೂವತ್ತು ವರ್ಷಗಳ ವಿಳಂಬದಿಂದ ಒದಗಿದ ಉಪಕಾರ ಇದೇ. 1910ರಲ್ಲಿ ಕೆಲಸ ಆರಂಭವಾಗಿದ್ದರೆ ಕಲ್ಕತ್ತೆಗೆ ಇನ್ನೊಂದು ತೇಲುಸೇತುವೆ ದೊರೆಯುತ್ತಿತ್ತು. ಆದರೆ ಈ ಉಪಕಾರವನ್ನು ಕೊಂಡಾಡುವಾಗ, ಆ ಮೂವತ್ತು ವರ್ಷವೂ ದಡದಲ್ಲಿ ಕಾದವರನ್ನು ನೆನೆಯದಿರುವುದು ಇತಿಹಾಸಕಾರನಿಗೆ ಭೂಷಣವಲ್ಲ.

ಹಣದ ಮಾತನ್ನೂ ಇಲ್ಲಿ ಹೇಳಬೇಕು. ಹೊಸ ಸೇತುವೆಗೆ ಆದ ವೆಚ್ಚ ಸುಮಾರು 2.5 ಕೋಟಿ ರೂಪಾಯಿ. ಹಳೆಯದರ ಹನ್ನೊಂದು ಪಟ್ಟಿಗೂ ಮೀರಿದ್ದು. 1926ರ ಕಾಯಿದೆಯ ಪ್ರಕಾರ ಕಲ್ಕತ್ತೆಯ ಆಸ್ತಿಗಳ ಮೇಲೆ ಹೌರಾ ಸೇತುವೆಯ ತೆರಿಗೆ ಎಂಬ ಪ್ರತ್ಯೇಕ ಬಾಬು ಬಿದ್ದಿತು. ಸೇತುವೆಯನ್ನು ದಾಟದವನೂ ಸೇತುವೆಯಿಂದ ಲಾಭ ಪಡೆಯುತ್ತಾನೆ, ಅವನ ನೆಲದ ಬೆಲೆ ಏರುತ್ತದೆ ಎಂಬ ತತ್ತ್ವ ಇದರ ಹಿಂದಿದೆ. ದಾಟುವವನ ಕೈಯಿಂದ ಕಾಸು ಕೀಳುವುದಕ್ಕಿಂತ ಇದು ನ್ಯಾಯವಾದ ಕ್ರಮವೆಂಬುದರಲ್ಲಿ ಸಂದೇಹವಿಲ್ಲ.

ಕಟ್ಟಿದ ಬಗೆ

ಟೆಂಡರು ಕರೆದಾಗ ಅತಿ ಕಡಿಮೆ ದರ ಸೂಚಿಸಿದ್ದು ಜರ್ಮನಿಯ ಸಂಸ್ಥೆ. 1935ರ ಹೊತ್ತಿಗೆ ಬ್ರಿಟನ್-ಜರ್ಮನಿಗಳ ನಡುವೆ ಮೂಡಿದ್ದ ವೈಮನಸ್ಯದಿಂದಾಗಿ ಗುತ್ತಿಗೆ ಅದಕ್ಕೆ ಸಿಕ್ಕಲಿಲ್ಲ. ಕೆಲಸ ಇಂಗ್ಲೆಂಡಿನ ಕ್ಲೀವ್‌ಲೆಂಡ್ ಕಂಪನಿಗೂ, ಉಕ್ಕಿನ ಭಾಗಗಳ ತಯಾರಿಕೆ ಕಲ್ಕತ್ತೆಯ ಬ್ರೇತ್‌ವೇಟ್, ಬರ್ನ್ ಮತ್ತು ಜೆಸ್ಸಪ್ ಸಂಸ್ಥೆಗಳ ಕೂಟಕ್ಕೂ ಹೋಯಿತು. 1936ರಲ್ಲಿ ನಿರ್ಮಾಣ ಪ್ರಾರಂಭವಾಯಿತು. ಅದೇ ವರ್ಷ ರಾಜೇಂದ್ರನಾಥ ಮುಖರ್ಜಿ ತೀರಿಕೊಂಡರು.

ಟರ್ನ್‌ಬುಲ್ ಹೆದರಿದ್ದ ಕೆಸರನ್ನು ಈಗ ಎದುರಿಸಬೇಕಾಯಿತು. ಒಂದೊಂದು ಗೋಪುರದ ಕೆಳಗೂ ಇಪ್ಪತ್ತೊಂದು ಕೂಪಗಳುಳ್ಳ ಬೃಹತ್ತಾದ ತಳಪಾಯದ ಪೆಟ್ಟಿಗೆಯನ್ನು ದಿನಕ್ಕೆ ಒಂದು ಅಡಿಯಂತೆ ಹಗಲಿರುಳು ಇಳಿಸಿದರು. ಹೌರಾದ ಕಡೆ ತೆರೆದ ಕೂಪಗಳಿಂದಲೇ ಕೆಸರು ತೆಗೆಯಲು ಸಾಧ್ಯವಾಯಿತು. ಕಲ್ಕತ್ತೆಯ ಕಡೆ ಹರಿದುಬರುವ ಮರಳನ್ನು ತಡೆಯಲು ಒತ್ತಿದ ಗಾಳಿಯ ಸಹಾಯ ಬೇಕಾಯಿತು. ಆ ಗಾಳಿಯ ಒತ್ತಡದಲ್ಲಿ ದುಡಿದವರು ಸುಮಾರು ಐನೂರು ಮಂದಿ. ಒಂದು ರಾತ್ರಿ ತಳದ ಮಣ್ಣು ಹಠಾತ್ತನೆ ಕುಸಿದು ಇಡೀ ಪೆಟ್ಟಿಗೆ ಎರಡು ಅಡಿ ಕೆಳಗೆ ಬಿದ್ದಾಗ ಖಿದಿರ್‌ಪುರದ ಭೂಕಂಪಮಾಪಕ ಅದನ್ನು ಭೂಕಂಪವೆಂದೇ ದಾಖಲಿಸಿತು. ದಡದಲ್ಲಿದ್ದ ದೇವಾಲಯವೊಂದು ನೆಲಸಮವಾಗಿ, ಆಮೇಲೆ ಪುನಃ ನಿರ್ಮಾಣವಾಯಿತು. ಕೆಸರಿನೊಡನೆ ಮೇಲಕ್ಕೆ ಬಂದ ಲಂಗರು, ಫಿರಂಗಿ, ಗುಂಡು, ಹಿತ್ತಾಳೆಯ ಪಾತ್ರೆ, ಈಸ್ಟ್ ಇಂಡಿಯಾ ಕಂಪನಿಯ ಕಾಲದ ನಾಣ್ಯಗಳು ಆ ಬಂದರಿನ ಇತಿಹಾಸವನ್ನೇ ಪದರಪದರವಾಗಿ ಹೊರತೆಗೆದಂತಿದ್ದವು.

ಸೇತುವೆಗೆ ಬೇಕಾದ ಉಕ್ಕು 26,500 ಟನ್. ಇದೆಲ್ಲವೂ ಇಂಗ್ಲೆಂಡಿನಿಂದ ಬರಬೇಕಾಗಿತ್ತು. ಎರಡನೆಯ ಮಹಾಯುದ್ಧ ಆರಂಭವಾಗಿ ಅಲ್ಲಿಂದ ಬಂದದ್ದು ಸುಮಾರು 3,000 ಟನ್ ಮಾತ್ರ. ಉಳಿದ 23,000 ಟನ್ನಿನಷ್ಟನ್ನು ಜಮ್‌ಷೆಡ್‌ಪುರದ ಟಾಟಾ ಕಾರ್ಖಾನೆ ‘ಟಿಸ್ಕ್ರೋಮ್’ ಎಂಬ ಗಡಸು ಉಕ್ಕನ್ನು ಸಿದ್ಧಪಡಿಸಿ ಒದಗಿಸಿತು. ಆ ಕಾಲದಲ್ಲಿ ಟಾಟಾ ಉಕ್ಕಿನ ಕಂಪನಿಯ ನಿರ್ದೇಶಕ ಮಂಡಲಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಇದ್ದರೆಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ. ಭಾರಿ ಕೈಗಾರಿಕೆಯಲ್ಲಿ ಭಾರತ ಸ್ವಾವಲಂಬಿಯಾಗಬೇಕೆಂದು ಅವರು ಬಹುಕಾಲದಿಂದ ಸಾರುತ್ತಿದ್ದುದಕ್ಕೆ ಹೂಗ್ಲಿಯ ಮೇಲೆ ಒಂದು ಪ್ರತ್ಯಕ್ಷ ಪ್ರಮಾಣ ಎದ್ದು ನಿಂತಿತು.

ಎರಡು ಗೋಪುರಗಳ ಎತ್ತರ 280 ಅಡಿ. ಅವುಗಳ ನಡುವಿನ ಅಂತರ 1,500 ಅಡಿ. ದಡಗಳಿಂದ ಚಾಚಿದ ಬಾಹುಗಳು 468 ಅಡಿಯಂತೆ, ನಡುವೆ ತೂಗುಬಿದ್ದ ಭಾಗ 564 ಅಡಿ. ಆ ಬಗೆಯ ಸೇತುವೆಗಳಲ್ಲಿ ಅಂದು ಅದು ಜಗತ್ತಿಗೆ ಮೂರನೆಯದು. ಇಡೀ ಕಟ್ಟಡವನ್ನು ಬೆಸೆದಿರುವುದು ರಿವೆಟ್ಟುಗಳು; ನಟ್ಟು-ಬೋಲ್ಟುಗಳಿಲ್ಲ. ಗಾಡಿದಾರಿ 71 ಅಡಿ, ಎರಡು ಪಕ್ಕಗಳಲ್ಲಿ 15 ಅಡಿಯ ಕಾಲುದಾರಿ. ಹಳೆಯ ಸೇತುವೆಯಲ್ಲಿ ಕಾಲ್ನಡೆಯವನಿಗೆ ಏಳು ಅಡಿಯಿತ್ತೆಂಬುದನ್ನು ನೆನೆದರೆ, 1906ರ ಗಣತಿಯ ಗೀಟುಗಳು ವ್ಯರ್ಥವಾಗಲಿಲ್ಲವೆಂದು ತಿಳಿಯುತ್ತದೆ.

1943ರ ಫೆಬ್ರವರಿ 3ರಂದು ಸೇತುವೆ ಸಂಚಾರಕ್ಕೆ ತೆರೆಯಿತು. ಜಪಾನಿನ ವಿಮಾನದಾಳಿಯ ಭೀತಿಯಿದ್ದುದರಿಂದ ಆಡಂಬರದ ಉತ್ಸವವೇನೂ ನಡೆಯಲಿಲ್ಲ. ಮೊದಲು ದಾಟಿದ ವಾಹನ ಒಂಟಿ ಟ್ರಾಮು. ಅದೇ ವರ್ಷ ಬಂಗಾಳವನ್ನು ಘೋರವಾದ ಕ್ಷಾಮ ಆವರಿಸಿತು. ದೇಶದ ಅತಿ ದೊಡ್ಡ ಸೇತುವೆಯೂ ಅತಿ ದೊಡ್ಡ ಹಸಿವೂ ಒಂದೇ ವರ್ಷದಲ್ಲಿ ಒಂದೇ ನಗರದಲ್ಲಿ ಕಾಣಿಸಿಕೊಂಡವು. ದಾರಿ ಸುಗಮವಾದ ಮಾತ್ರಕ್ಕೆ ಅನ್ನ ಸುಗಮವಾಗದೆಂಬ ಕಠೋರ ಸತ್ಯವನ್ನು ಎಂಜಿನಿಯರಿಂಗಿನ ಯಾವ ಪ್ರಶಂಸೆಯೂ ಮರೆಮಾಡಲಾರದು.

ಆಮೇಲಿನ ಕಥೆ

ತೆರೆಯದ ಸೇತುವೆಯ ಕೆಳಗೆ ಇರುವ ಎತ್ತರ ಸುಮಾರು 29 ಅಡಿ. ದೊಡ್ಡ ಹಡಗಿನ ಪಾಲಿಗೆ ನದಿ ಅಲ್ಲಿಗೆ ಮುಗಿಯಿತು. ಬಂದರಿನ ಭವಿಷ್ಯ ಇನ್ನೂ ಕೆಳಗೆ, 1977ರಲ್ಲಿ ತೆರೆದ ಹಲ್ದಿಯಾ ಹಡಗುಕಟ್ಟೆಯ ಕಡೆಗೆ ಸಾಗಿತು. ಸೋತ ಪಕ್ಷ ಒಮ್ಮೊಮ್ಮೆ ತನ್ನ ಹಳೆಯ ಹಕ್ಕನ್ನು ನೆನಪಿಸುವಂತೆ, 2005ರ ಜೂನ್ 24ರಂದು ಉಬ್ಬರದ ವೇಳೆ ದಾಟಲೆತ್ನಿಸಿದ ಸರಕುನೌಕೆಯೊಂದರ ಹೊಗೆಕೊಳವೆ ಸೇತುವೆಯ ಅಡಿಯಲ್ಲಿ ಸಿಕ್ಕಿಕೊಂಡು, ಮೂರು ಗಂಟೆ ಕಾಲ ಬಿಡಿಸಲಾಗದೆ, ತೊಲೆಗಳಿಗೆ ಹಾನಿ ತಟ್ಟಿತು. ‘ಇಜೀರಿಯ’ದ ಘಟನೆಯಾಗಿ ನೂರ ಮೂವತ್ತೊಂದು ವರ್ಷಗಳಾಗಿದ್ದವು.

1965ರ ಜೂನ್ 14ರಂದು ಸೇತುವೆಗೆ ರವೀಂದ್ರ ಸೇತು ಎಂದು ನಾಮಕರಣವಾಯಿತು. ಜನರ ಬಾಯಲ್ಲಿ ಅದು ಹೌರಾ ಸೇತುವೆಯಾಗಿಯೇ ಉಳಿದಿದೆ. 1992ರಲ್ಲಿ ದಕ್ಷಿಣಕ್ಕೆ ವಿದ್ಯಾಸಾಗರ ಸೇತು ಬಂದು ಭಾರ ಹಂಚಿಕೊಂಡಿತು. ಮರುವರ್ಷ, ಮೊದಲು ದಾಟಿದ್ದ ಟ್ರಾಮೇ ಸೇತುವೆಯಿಂದ ನಿವೃತ್ತವಾಯಿತು. ಹಡಗು, ಚಂಡಮಾರುತ, ಯುದ್ಧಗಳನ್ನು ಎದುರಿಸಿದ ಉಕ್ಕಿಗೆ ಕೊನೆಗೆ ಅತಿ ಸಾಮಾನ್ಯವಾದ ಶತ್ರು ಎದುರಾಯಿತು. ದಾಟುವವರು ಉಗುಳಿದ ಪಾನ್ ಮತ್ತು ತಂಬಾಕಿನ ರಸದಿಂದ ತೂಗುಕಂಬಗಳ ಬುಡದ ಉಕ್ಕಿನ ಕವಚ ನಾಲ್ಕೇ ವರ್ಷಗಳಲ್ಲಿ ಅರ್ಧಕ್ಕೆ ಸವೆದುದು 2011ರಲ್ಲಿ ಬೆಳಕಿಗೆ ಬಂದು, ಅವುಗಳಿಗೆ ನಾರುಗಾಜಿನ ಹೊದಿಕೆ ತೊಡಿಸಬೇಕಾಯಿತು. ಕಟ್ಟುವುದು ರಾಜ್ಯದ ಕೆಲಸ, ಉಳಿಸಿಕೊಳ್ಳುವುದು ಪ್ರತಿಯೊಬ್ಬ ದಾರಿಗನ ಕೆಲಸ ಎಂಬುದಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ.

2024ರ ಮಾರ್ಚ್ 6ರಂದು ಹೂಗ್ಲಿಯ ತಳದ ಕೆಳಗೆ ಕೊರೆದ ಸುರಂಗದಲ್ಲಿ ಹೌರಾದಿಂದ ಕೋಲ್ಕತ್ತಕ್ಕೆ ಮೆಟ್ರೋ ರೈಲಿನ ಮಾರ್ಗ ಉದ್ಘಾಟನೆಯಾಯಿತು. 1906ರ ಸಮಿತಿಯ ಆರು ಮಾರ್ಗಗಳಲ್ಲಿ ಒಂದು 118 ವರ್ಷಗಳ ತರುವಾಯ ಸಿದ್ಧಿಸಿತು. ನೀರು ಮೇಲೆ, ರೈಲು ಕೆಳಗೆ. ಅಲ್ಲಿ ಯಾರೂ ಯಾರಿಗಾಗಿಯೂ ಕಾಯಬೇಕಾಗಿಲ್ಲ. ಆದರೂ ತಲೆಯ ಮೇಲೆ ಹೂವಿನ ಬುಟ್ಟಿ, ತರಕಾರಿಯ ಮೂಟೆ ಹೊತ್ತವರು ಇಂದಿಗೂ ದಿನವೂ ಬೆಳಗಿನಲ್ಲಿ ಹಾಯುವುದು ಮೇಲಿನ ಆ ಹದಿನೈದು ಅಡಿಯ ಕಾಲುದಾರಿಯಲ್ಲಿಯೇ. ಪರಸ್ಥಳದಿಂದ ದುಡಿಮೆ ಅರಸಿ ಹೌರಾದಲ್ಲಿ ಇಳಿದವರಿಗೆ ನಗರದ ಮೊದಲ ಪರಿಚಯ ಆ ಉಕ್ಕಿನ ಗೋಪುರಗಳಿಂದಲೇ ಆಗುತ್ತ ಬಂದಿದೆ. ಗಣತಿಯ ಪುಸ್ತಕದಲ್ಲಿ ಗೀಟುಗಳಾಗಿ ಮಾತ್ರ ಉಳಿದ ಗಾಡಿಯವರ ಪಾಲಿಗೆ, ಆ ಸೇತುವೆಯ ಅಗಲವೇ ಇತಿಹಾಸ ಸಲ್ಲಿಸಿದ ಏಕಮಾತ್ರ ಸ್ಮಾರಕ.